ಕೆಂಪು ದಾರದ ತೆನೆಗಳು

ಸಿಂದಗಿಗೆ ಬಂದ ಮೊದಲ ಬೆಳಿಗ್ಗೆ ಬಾಡಿಗೆ ಮನೆಯ ಒಡತಿ ಬಾಗಿಲು ಬಡಿದು, “ಏನ್ ಮಾಡಾಕತ್ತೀರಿ ಒಳಗ? ಬಾಗಲಾ ತಗೀರಿ” ಎಂದು ಗದರಿದರು. ಏನು ತಪ್ಪು ಮಾಡಿದೆನೋ ಎಂದು ಬೆವೆತೆ. ತೆರೆದರೆ ಕೈಯಲ್ಲಿ ಬಿಸಿ ರೊಟ್ಟಿ, ಎಣಗಾಯಿ ಪಲ್ಯ. ಇಲ್ಲಿ ಅಕ್ಕರೆಯೂ ಜಗಳದ ದನಿಯಲ್ಲೇ ಬರುತ್ತದೆ. ನಮ್ಮ ಮೈಸೂರಿನಲ್ಲಿ ಜಗಳವನ್ನೂ ‘ದಯವಿಟ್ಟು’ ಎಂದು ಶುರುಮಾಡಿ, ಒಳಗೊಳಗೇ ಹಲ್ಲು ಕಡಿಯುತ್ತೇವೆ. ನಾನು ಅದರಲ್ಲಿ ಚೆನ್ನಾಗಿ ಪಳಗಿದವಳು.

ನನ್ನ ಕೆಲಸ ಬಿಳಿಜೋಳದ ವಂಶವಾಹಿಗಳ ಮೇಲೆ. ಒಂದು ಗಿಡದ ಬೇರಿನಲ್ಲೂ ಎಲೆಯಲ್ಲೂ ಕಾಳಿನಲ್ಲೂ ಇರುವುದು ಅವೇ ವಂಶವಾಹಿಗಳು. ಯಾವುದು ಯಾವಾಗ ಚಾಲೂ ಆಗುತ್ತದೆ, ಯಾವುದು ಬಂದ್ ಆಗುತ್ತದೆ ಎಂಬುದರಲ್ಲೇ ವ್ಯತ್ಯಾಸ. ಮಳೆ ನಿಂತ ಮೇಲೂ ಕಪ್ಪು ಎರೆಭೂಮಿಯ ತೇವವನ್ನಷ್ಟೇ ನಂಬಿ ಈ ಜೋಳ ಕಾಳು ಕಟ್ಟುತ್ತದಲ್ಲ, ಆಗ ಚಾಲೂ ಆಗುವ ವಂಶವಾಹಿಗಳು ಯಾವುವು ಎಂದು ನಾನು ನೋಡಬೇಕಿತ್ತು. ಹಾಲುಗಾಳಿನ ಹದದಲ್ಲಿ ತೆನೆ ಕೊಯ್ದು, ಹೊಲದಲ್ಲೇ ದ್ರವ ಸಾರಜನಕದಲ್ಲಿ ಮುಳುಗಿಸಬೇಕು. ತಡವಾದರೆ ಆ ಗಳಿಗೆಯ ಸುಳಿವು ಅಳಿಸಿಹೋಗುತ್ತದೆ. ಫಲಿತಾಂಶ ಬರದಿದ್ದರೆ ಯೋಜನೆಯನ್ನೇ ನಿಲ್ಲಿಸುವುದಾಗಿ ಬೆಂಗಳೂರಿನ ನನ್ನ ಮುಖ್ಯಸ್ಥರು ಹೇಳಿದ್ದರು.

ನಾನು ತೆನೆ ಕೊಯ್ಯಬೇಕಿದ್ದ ಹೊಲ ಸಿಂದಗಿ ಪಕ್ಕದ ಕನ್ನೊಳ್ಳಿಯ ಶರಣವ್ವನದು. ಒಟ್ಟಿಗೆ ಹೂವಾಡಿದ ತೆನೆಗಳನ್ನು ಹುಡುಕಿ, ಒಂದೊಂದಕ್ಕೂ ಕೆಂಪು ದಾರ ಕಟ್ಟಿದ್ದೆ. “ದಾರದ ತೆನೆಗಳೆಲ್ಲ ನನಗೆ ಬೇಕು, ಯಾರೂ ಮುಟ್ಟಬೇಡಿ” ಎಂದಿದ್ದೆ.

“ಆತ್ ತಗೋರಿ ಅಕ್ಕಾರ, ಒಬ್ಬರೂ ಮುಟ್ಟಂಗಿಲ್ಲ” ಎಂದಿದ್ದಳು ಶರಣವ್ವ.

ಜೋಳ ಹದಕ್ಕೆ ಬಂದ ದಿನ ಸಾರಜನಕದ ಕ್ಯಾನು ಹೊತ್ತು ಹೋದರೆ ಬದುವಿನ ಮೇಲೆ ಹೊಗೆ. ಕುಳ್ಳಿನ, ಅಂದರೆ ಬೆರಣಿಯ, ಕೆಂಡದ ಸುತ್ತ ಮನೆಮಂದಿ ಕೂತಿದ್ದರು. ನನಗೆಂದು ಕಂಬಳಿ ಹಾಸಿತ್ತು, ಶೇಂಗಾ ಹಿಂಡಿ, ಬೆಲ್ಲ, ಗಟ್ಟಿ ಮೊಸರು ಕಾದಿದ್ದವು. ಸೀತನಿ ನಡೆದಿತ್ತು. ಸೀತನಿ ಎಂದರೆ ಎಳೆಯ ಜೋಳದ ತೆನೆ ಸುಟ್ಟು, ತಿಕ್ಕಿ, ಬಿಸಿ ಕಾಳು ತಿನ್ನುವುದು. ಬೇಕಾದವರನ್ನು ಹೊಲಕ್ಕೆ ಕರೆದು ತಿನ್ನಿಸದಿದ್ದರೆ ಇವರಿಗೆ ಬೆಳೆ ಬಂದಂತೆಯೇ ಅಲ್ಲ. ಕೆಂಡದ ಪಕ್ಕದಲ್ಲಿ ನನ್ನ ಕೆಂಪು ದಾರಗಳನ್ನು ಅಚ್ಚುಕಟ್ಟಾಗಿ ಉಂಡೆ ಸುತ್ತಿ ಇಟ್ಟಿದ್ದರು.

“ಏನು ಮಾಡಿಬಿಟ್ಟಿರಿ?” ಎಂದೆ.

“ನೀವು ಆರಿಸಿದ್ದು ಬಲಿತು ಹೋಗಬಾರ್ದಂತ ಹದಾ ನೋಡಿ ಮುರದೇವ್ರಿ. ನಾವ್ ಒಂದೂ ಬಾಯಾಗ ಹಾಕ್ಕೊಂಡಿಲ್ಲ. ಎಲ್ಲಾ ನಿಮಗ ಐತಿ” ಎಂದಳು ಶರಣವ್ವ.

ನಾನು ಕೂಗಾಡಿದೆ. ವರ್ಷದ ದುಡಿಮೆ, ನನ್ನ ನೌಕರಿ, ಇವರ ಬೆಂಕಿ, ಎಲ್ಲವನ್ನೂ ಸೇರಿಸಿ ಕೂಗಾಡಿದೆ. ಮೈಸೂರಿನಲ್ಲಾಗಿದ್ದರೆ ಎದುರಿನವರು ಮುಖ ತಿರುಗಿಸಿ, ಮತ್ತೆ ಮಾತಾಡಿಸುತ್ತಿರಲಿಲ್ಲ. ಶರಣವ್ವ ನನಗಿಂತ ಜೋರಾಗಿ ತಿರುಗಿಬಿದ್ದಳು. “ತೆನಿ ಬೇಕು ಅಂದ್ರಿ. ಯಾತಕ ಬೇಕು ಅಂತ ಬಾಯಿಬಿಟ್ಟು ಹೇಳಿದ್ರೇನು? ನಮ್ಮ ಹೊಲದಾಗ ತೆನಿ ಬೇಡಿದವ್ರಿಗೆ ನಾವು ಸುಟ್ಟು ಕೊಡ್ತೇವಿ. ಬೈಯೂದಿದ್ರ ಆಮ್ಯಾಲ ಬೈರಿ, ಮದ್ಲ ತಿನ್ರಿ, ಆರಾಕತ್ತೈತಿ.”

ತಿಂದೆ. ಅಷ್ಟು ರುಚಿಯಾದದ್ದನ್ನು ಅಷ್ಟು ಸಿಟ್ಟಿನಲ್ಲಿ ನಾನು ಎಂದೂ ತಿಂದಿರಲಿಲ್ಲ.

ಸಂಜೆ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ನಕ್ಕರು. “ಆ ಕಡೆಯ ಜನವೇ ಹಾಗೆ. ರೈತರ ಅಜ್ಞಾನದಿಂದ ಹಾಳಾಯಿತು ಎಂದು ವರದಿ ಬರೆಯಿರಿ. ಮುಂದಿನ ಬೆಳೆ ಇಲ್ಲಿ ನಮ್ಮ ಜಾಗದಲ್ಲೇ ಹಾಕೋಣ. ನೀವೂ ನಿಮ್ಮೂರಿನ ಹತ್ತಿರ ಬಂದ ಹಾಗಾಗುತ್ತದೆ.”

ನನ್ನ ಮೈ ಉರಿದುಹೋಯಿತು. ಶರಣವ್ವನ ಮನೆಯವರನ್ನು ಬೈಯಲು ನನಗೆ ಹಕ್ಕಿತ್ತು, ಅವರ ಬೆಂಕಿಯ ಮುಂದೆ ಕೂತು ತಿಂದಿದ್ದೆ. ಎರೆಮಣ್ಣಿನಲ್ಲಿ ಒಮ್ಮೆಯೂ ಚಪ್ಪಲಿ ಹೂತುಕೊಳ್ಳದ ಈ ಮನುಷ್ಯ ಯಾರು? “ಅಲ್ಲಿನ ಕೆಂಪು ಮಣ್ಣಿನಲ್ಲಿ, ಪೈಪಿನ ನೀರಿನಲ್ಲಿ ಜೋಳವೇನೋ ಬೆಳೆಯುತ್ತದೆ ಸರ್. ನಾನು ಹುಡುಕುತ್ತಿರುವ ವಂಶವಾಹಿಗಳು ಅಲ್ಲಿ ಚಾಲೂ ಆಗುವುದೇ ಇಲ್ಲ. ಅಜ್ಞಾನ ಅಂತ ನೀವೇ ಬರೆದುಕೊಳ್ಳಿ, ನಾನು ಬರೆಯುವುದಿಲ್ಲ” ಎಂದೆ. ನನ್ನ ದನಿ ಪಕ್ಕದ ಮನೆಗೂ ಕೇಳಿಸಿತಂತೆ. ಮುಖ್ಯಸ್ಥರು ಕೊನೆಗೆ ಇನ್ನೊಂದು ಹಿಂಗಾರು ಹಂಗಾಮು ಕೊಟ್ಟರು. ಅದೇ ಕೊನೆಯದಂತೆ.

ನಡುವೆ ಮೈಸೂರಿಗೆ ಹೋಗಿದ್ದೆ. ಕಾಫಿ ಕೇಳಿದ್ದಕ್ಕೆ ಅಮ್ಮ, “ಯಾಕೇ ಹೀಗೆ ಕಿರುಚ್ತೀಯ, ನಾನೇನು ಕಿವುಡಿಯಾ?” ಎಂದು ಬೇಸರಪಟ್ಟುಕೊಂಡಳು. ಕನ್ನೊಳ್ಳಿಯಲ್ಲಿ ನಾನು ಈಗಲೂ ‘ದೂರದ ಊರಿನ ಅಕ್ಕಾರು’. ರೊಟ್ಟಿ ಮುರಿಯುವ ನನ್ನ ರೀತಿ ನೋಡಿ ನಗುತ್ತಾರೆ. ಎರಡು ಕಡೆಯೂ ಸರಿಹೋಗದೆ ಇರುವುದು ದಣಿವಿನ ಕೆಲಸ.

ಈ ವರ್ಷದ ಜೋಳ ಹೂವಾಡಿದೆ. ಮೊನ್ನೆ ಶರಣವ್ವನನ್ನು ಬದುವಿನ ಮೇಲೆ ಕೂರಿಸಿ, ತೆನೆ ಯಾಕೆ ಬೇಕು, ಅದರಲ್ಲಿ ಏನು ನೋಡುತ್ತೇನೆ, ಎಲ್ಲವನ್ನೂ ಹೇಳಿದೆ. ಆಮೇಲೆ ಕೆಂಪು ದಾರ ಕಟ್ಟಲು ಶುರುಮಾಡಿದೆ. ಅವಳು ಸೆರಗಿನ ಗಂಟಿನಿಂದ ಹಳದಿ ದಾರ ತೆಗೆದು, ಸಾಲಿನ ಕೊನೆಯ ನಾಲ್ಕಾರು ದಪ್ಪ ತೆನೆಗಳಿಗೆ ಕಟ್ಟಿದಳು.

“ಕೆಂಪು ನಿಮ್ಮ ಬೆಂಗಳೂರಿಗಿ. ಹಳದಿ ನಿಮಗ, ತಿನ್ನಾಕ. ಈಗರ ತಿಳೀತ್ರೇನು?”

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆ ಎಂಬುದು ಮಾತ್ರ ಈಗ ಸರಿಯಾಗಿ ಗೊತ್ತಿಲ್ಲ. ಅವಳು ಅತ್ತ ಹೋದ ಮೇಲೆ ನೋಡಿದರೆ ಒಂದು ಹಳದಿ ಗಂಟು ಸಡಿಲವಾಗಿತ್ತು. ಬಿಚ್ಚಿ, ಬಿಗಿಯಾಗಿ ಕಟ್ಟಿ ಬಂದೆ.