ತಂಗಿ ಇಟ್ಟುಕೊಡದ ಸ್ವಿಚ್ಚು

ನನ್ನ ತಂಗಿಯ ಜೊತೆ ಕೂತು ನೆಮ್ಮದಿಯಾಗಿ ಒಂದು ತುತ್ತು ತಿಂದವರು ಯಾರಾದರೂ ಇದ್ದರೆ ತೋರಿಸಿ, ಅವರ ಕಾಲಿಗೆ ಬೀಳುತ್ತೇನೆ. ಚಿಕ್ಕಂದಿನಿಂದಲೂ ಅವಳದು ಹದ್ದಿನ ಕಣ್ಣು, ಮುಖಕ್ಕೆ ಹೊಡೆದಂಥ ಮಾತು. ಒಲೆಯ ಮೇಲೆ ಹಾಲಿಟ್ಟು, ಉಕ್ಕಿ ಸೀದ ವಾಸನೆ ಬಂದ ಮೇಲೆ ಓಡಿಬರುವ ಮನೆ ನಮ್ಮದು. ಅವಳೊಬ್ಬಳು ಮಾತ್ರ ಪಾತ್ರೆಯ ಮುಂದೆ ಕಾವಲು ನಿಂತು ನಮ್ಮನ್ನೆಲ್ಲ ಬೈಯುತ್ತಿದ್ದಳು. ಮುಂದೆ ಓದಿ ಎಂಜಿನಿಯರಾದಳು. ತೈಲದ ಟ್ಯಾಂಕುಗಳು ತುಂಬಿ ಹೊರಚೆಲ್ಲದಂತೆ ತಡೆಯುವ ಏರ್ಪಾಡನ್ನು ವಿನ್ಯಾಸ ಮಾಡುವುದು ಅವಳ ಕೆಲಸ. ಜಗಳಗಂಟಿಗೆ ಹೇಳಿ ಮಾಡಿಸಿದ ಉದ್ಯೋಗ.

ನನ್ನ ಗಂಡ ಇದಕ್ಕೆ ತದ್ವಿರುದ್ಧ. ಮಹಡಿಯ ಮೇಲಿನ ನೀರಿನ ಟ್ಯಾಂಕಿಗೆ ಮೋಟಾರು ಹಾಕಿ ಕಾಲು ಚಾಚಿ ಕೂತರೆ, ಪಕ್ಕದ ಮನೆಯ ಗೋಡೆಗೆ ನೀರು ಸುರಿಯುವ ಸದ್ದು ಕೇಳಿದ ಮೇಲೆಯೇ ಏಳುವುದು. "ತುಂಬಿದ್ರೆ ಅದೇ ಹೇಳುತ್ತೆ" ಎನ್ನುವುದು ಅವರ ವೇದಾಂತ. ತಂಗಿ ಬಂದ ದಿನ ಸದ್ದಾಗುವ ಮೊದಲೇ ಎದ್ದು ಹೋಗಿ ಮೋಟಾರು ಆರಿಸಿ, ಭಾವನನ್ನು ದುರುಗುಟ್ಟಿ ನೋಡುತ್ತಿದ್ದಳು. ಇವರೋ ಪೆಟ್ರೋಲ್ ಡಿಪೋದ ಕಂಟ್ರೋಲ್ ರೂಮಿನ ಮುಖ್ಯಸ್ಥರು. ನನ್ನ ಹಣೆಬರಹ ನೋಡಿ, ಆ ಡಿಪೋದ ಟ್ಯಾಂಕುಗಳ ಕೆಲಸ ಅವಳ ಕೈಗೇ ಬಂತು.

ಕೆಲವು ದಿನ ಅಲ್ಲಿ ಓಡಾಡಿದವಳು ನೇರವಾಗಿ ನಮ್ಮ ಊಟದ ಮೇಜಿಗೆ ಬಂದಳು.

"ಭಾವ, ಟ್ಯಾಂಕಿಗೆ ಗಂಟೆ ಇಟ್ಟಿರೋದು ನೀವು ಮೈಮರೆತ್ರೆ ಎಚ್ಚರಿಸೋಕೆ. ನಿಮ್ಮೋರು ಪ್ರತಿ ಸಲಾನೂ ಅದು ಹೊಡೆಯೋವರೆಗೆ ಟೀ ಕುಡೀತಾ ಕೂತಿರ್ತಾರೆ. ಅದು ಕೆಟ್ಟ ದಿನ ಏನ್ ಮಾಡ್ತೀರಿ?"

"ಇಷ್ಟು ವರ್ಷ ಕೆಟ್ಟಿಲ್ಲ. ನನಗೇ ಪಾಠ ಹೇಳೋಕೆ ಬರ್ಬೇಡ."

ಅವಳು ಮಾಡಿದ್ದಿಷ್ಟು. ಗಂಟೆಗೆ ಸಂಬಂಧವೇ ಇಲ್ಲದ ಇನ್ನೊಂದು ತೇಲುಗುಂಡನ್ನು ಅದಕ್ಕಿಂತ ಮೇಲೆ ಕೂರಿಸಿದಳು. ತೈಲ ಅದನ್ನು ಮುಟ್ಟಿತೋ, ಒಳಬರುವ ಪೈಪಿನ ಕವಾಟ ಯಾರನ್ನೂ ಕೇಳದೆ ಮುಚ್ಚಿಕೊಳ್ಳುತ್ತದೆ. ಮತ್ತೆ ತೆರೆಯಬೇಕಾದರೆ ದೊಡ್ಡ ಸಾಹೇಬರೇ ಕೀಲಿ ತರಬೇಕು. ಅಂದರೆ ಒಂದು ಸಲ ಮುಚ್ಚಿದರೂ ಡಿಪೋಗೆಲ್ಲ ಡಂಗುರ. ಇವರಿಗೆ ಮೈಯೆಲ್ಲ ಉರಿದುಹೋಯಿತು.

"ನಿನ್ನ ತಂಗಿಗೆ ಹೇಳು, ಅವಳ ಕವಾಟ ಮುಚ್ಕೊಳ್ಳದ ಹಾಗೆ ತಡೆಯೋಕೆ ನಮ್ಮ ರೂಮಲ್ಲೊಂದು ಸ್ವಿಚ್ ಇಡ್ಲಿ" ಎಂದರು.

ನಾನು ಕೇಳಿದೆ. "ಒಂದು ಸ್ವಿಚ್ ತಾನೇ, ಇಟ್ಟುಕೊಡೇ. ಮನೇಲಿ ನನಗೆ ನೆಮ್ಮದಿ ಇಲ್ಲ."

"ಆಗಲ್ಲ ಅಕ್ಕ. ಇಟ್ರೆ ಅದನ್ನ ಯಾವಾಗ್ಲೂ ಒತ್ತೇ ಇಟ್ಟಿರ್ತಾರೆ."

ಗೋಗರೆದೆ, ಬೈದೆ, ಅತ್ತೂ ನೋಡಿದೆ. "ನಿನ್ನ ಮನೆ ನೆಮ್ಮದಿಗೆ ನನ್ನ ಡ್ರಾಯಿಂಗಲ್ಲಿ ಜಾಗ ಇಲ್ಲ" ಎಂದುಬಿಟ್ಟಳು. ಕಲ್ಲೆದೆಯವಳು. ಅವತ್ತಿನಿಂದ ಇವರು ಅವಳ ಮುಖ ನೋಡುವುದನ್ನು ಬಿಟ್ಟರು, ನಾನು ಫೋನ್ ಮಾಡುವುದನ್ನು ಬಿಟ್ಟೆ.

ಒಂದು ಮಧ್ಯಾಹ್ನ ಇವರು ಹೊತ್ತಿಗೆ ಮುಂಚೆಯೇ ಮನೆಗೆ ಬಂದರು. ಮುಖ ಕೆಂಡವಾಗಿತ್ತು. ಊಟದ ಡಬ್ಬಿಯನ್ನು ಮೇಜಿನ ಮೇಲೆ ಎಸೆದರು.

"ಎಲ್ಲರೆದುರು ನನ್ನ ಮಾನ ಕಳೆದ್ಲು ನಿನ್ನ ತಂಗಿ! ಇವತ್ತು ಗಂಟೆ ಹೊಡೀಲೇ ಇಲ್ಲ. ಯಾಕೆ ಅಂತ ನೋಡೋಕೆ ನಾನೇ ಟ್ಯಾಂಕಿನ ಬುಡಕ್ಕೆ ಹೋಗಿ ಕತ್ತೆತ್ತಿ ನಿಂತಿದ್ದೆ. ಅಷ್ಟರಲ್ಲಿ ಅವಳ ಕವಾಟ ಮುಚ್ಕೊಂಡ್ಬಿಡ್ತು. ಡಿಪೋಗೆ ಡಿಪೋನೇ ಓಡಿ ಬಂತು. ನಾಳೆಯಿಂದ ನಾನು ಗೇಟಲ್ಲಿ ಪಾಸ್ ಬರೀಬೇಕಂತೆ!"

ಅವರು ಕೂಗಾಡುತ್ತಲೇ ಇದ್ದರು. ನನಗೆ ಕೇಳಿಸಿದ್ದು ಒಂದೇ ಮಾತು: ಟ್ಯಾಂಕಿನ ಬುಡದಲ್ಲಿ, ಕತ್ತೆತ್ತಿ ನಿಂತಿದ್ದರು. ಕವಾಟ ಮುಚ್ಚದಿದ್ದರೆ ಮೇಲಿಂದ ಪೆಟ್ರೋಲು ಇವರ ಮುಖದ ಮೇಲೆಯೇ ಸುರಿಯುತ್ತಿತ್ತು. ಆಮೇಲೆ ಒಂದು ಕಿಡಿ ಸಾಕಿತ್ತು.

"ಆ ಸ್ವಿಚ್ ಇದ್ದಿದ್ರೆ?" ಎಂದೆ.

"ಇದ್ದಿದ್ರೆ ನನ್ನ ಕುರ್ಚಿ ಉಳೀತಿತ್ತು" ಎಂದರು. ಈ ಮನುಷ್ಯನ ತಲೆಗೆ ಏನನ್ನೂ ಇಳಿಸಲು ಸಾಧ್ಯವಿಲ್ಲ.

ನಾನೇ ತಂಗಿಯನ್ನು ಊಟಕ್ಕೆ ಕರೆದೆ. ಇವರು ಆಗತಾನೇ ಮೋಟಾರು ಹಾಕಿದ್ದರು. ಬಾಗಿಲಲ್ಲಿ ಅವಳನ್ನು ಕಂಡದ್ದೇ ರೂಮಿಗೆ ಹೋಗಿ, ಗೋಡೆಯ ಸುಣ್ಣ ಉದುರುವಂತೆ ಬಾಗಿಲು ಬಡಿದರು. ನಾನು ತಟ್ಟೆ ಇಟ್ಟೆ. ಅವಳು ಕೈ ತೊಳೆದು ಬಂದು ಕೂತಳು. ಊಟದ ನಡುವೆ ಮಹಡಿಯ ಟ್ಯಾಂಕು ತುಂಬಿ ನೀರು ಧೋ ಎಂದು ಸುರಿಯತೊಡಗಿತು. ಪಕ್ಕದ ಮನೆಯಾಕೆ ಕಿರುಚಿದಳು. ನಾನು ಏಳಲು ಹೋದೆ, ತಂಗಿ ಕೈ ಹಿಡಿದು ಕೂರಿಸಿದಳು.

"ಸುರೀಲಿ ಬಿಡಕ್ಕ, ನೀರು ತಾನೇ. ಬಾಗಿಲು ಬಡಿಯೋಕೆ ಭಾವ ಬದುಕಿದ್ದಾರಲ್ಲ, ಸಾಕು."