ಗಂಟಿಲ್ಲದ ಆನೆ

ಮುಂಬೈಯ ಕಾಂದಿವಲಿಯ ಆ ಗಾರ್ಮೆಂಟ್ ಕಾರ್ಖಾನೆಯಲ್ಲಿ ದಾನೇಶ್ವರಿಯ ಕಣ್ಣು ತಪ್ಪಿಸಿ ಒಂದು ಸಡಿಲ ಗುಂಡಿ ಕೂಡ ಹೊರಗೆ ಹೋಗುವಂತಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ಆಕೆ ಅಲ್ಲಿ ಚೆಕರ್. ಪರದೇಶಕ್ಕೆ ಹೋಗುವ ಅಂಗಿಗಳು ಡಬ್ಬಿ ಸೇರುವ ಮೊದಲು ಆಕೆಯ ಮೇಜಿಗೆ ಬರಬೇಕು. ಒಳಗು ಹೊರಗು ಮಾಡಿ ನೋಡುತ್ತಾಳೆ, ಹೊಲಿಗೆಯ ಮೇಲೆ ಹೆಬ್ಬೆರಳು ಎಳೆಯುತ್ತಾಳೆ, ತಪ್ಪಿದ್ದರೆ ಕೆಂಪು ಚೀಟಿ ಅಂಟಿಸುತ್ತಾಳೆ. "ಇತ್ನಾ ಛೋಟಾ ಕೌನ್ ದೇಖೇಗಾ?" ಇಷ್ಟು ಸಣ್ಣದನ್ನು ಯಾರು ನೋಡುತ್ತಾರೆ ಎಂದು ಸೂಪರ್‌ವೈಸರ್ ಗೊಣಗಿದರೆ, "ಮೈನೇ ದೇಖಾ ನಾ", ನಾನು ನೋಡಿದೆನಲ್ಲ ಎಂದು ಅವನ ಬಾಯಿ ಮುಚ್ಚಿಸುತ್ತಾಳೆ. ಡಬ್ಬಿಗೆ ಟೇಪು ಬಿದ್ದ ಮೇಲೂ ಒಂದನ್ನು ಬಿಚ್ಚಿಸಿ ಇನ್ನೊಮ್ಮೆ ನೋಡುವುದು ಆಕೆಯ ರೂಢಿ. ಅದಕ್ಕಾಗಿ ಬೈಸಿಕೊಂಡದ್ದೂ ಉಂಟು, ಅದರಿಂದ ಕಾರ್ಖಾನೆಯ ಮಾನ ಉಳಿದದ್ದೂ ಉಂಟು.

ಇಂಥವಳ ಮೇಲೆ, ಗಂಟು ಹಾಕಿ ಕಸೂತಿ ಮಾಡುತ್ತಾಳೆ ಎಂಬ ಅಪವಾದ ಬಂತು ನೋಡಿ!

ಕಸೂತಿ ಗೊತ್ತಿಲ್ಲದವರಿಗೆ ಇದು ದೊಡ್ಡ ಮಾತು ಅನ್ನಿಸಲಿಕ್ಕಿಲ್ಲ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ನೇಯ್ಗೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕುವ ಕೆಲಸ ಅದು. ಸೆರಗಿನ ಮುಂದೆ ಆನೆ ಇದ್ದರೆ ಹಿಂದೆಯೂ ಅದೇ ಆನೆ ಇರಬೇಕು. ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು, ಗಂಟು ಹಾಕಕೂಡದು. ದಾನೇಶ್ವರಿಗೆ ಇದನ್ನು ಕಲಿಸಿದವಳು ನವಲಗುಂದದ ಕಡೆಯ ಹಳ್ಳಿಯಲ್ಲಿರುವ ಅತ್ತೆ ಕಸ್ತೂರಿಬಾಯಿ. ಮದುವೆಯಾದ ಹೊಸದರಲ್ಲಿ ಸೊಸೆ ಒಂದೇ ಒಂದು ಗಂಟು ಹಾಕಿದ್ದಕ್ಕೆ ಇಡೀ ಸೆರಗನ್ನು ಬಿಚ್ಚಿಸಿದ್ದ ಮಹಾತಾಯಿ ಆಕೆ.

ಮುಂಬೈಯದೇ ಜೋಗೇಶ್ವರಿ ಬಡಾವಣೆಯಲ್ಲಿ, ಸಾಲುಮನೆಗಳ ಚಾಳಿನ ಒಂದು ಕೋಣೆಯಲ್ಲಿ, ರಜೆಯ ದಿನ ಕಿಟಕಿಯ ಬಳಿ ಕೂತು ದಾನೇಶ್ವರಿ ಹೊಲಿಯುತ್ತಿದ್ದಳು, ಎರಡು ವರ್ಷದಿಂದ ಅದನ್ನು ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುತ್ತಿದ್ದಳು. ನೋಡುವವರು ನಾನೂರು ಮಂದಿ, ಹೆಚ್ಚಿನವರು ಹುಬ್ಬಳ್ಳಿ, ಧಾರವಾಡ ಕಡೆಯ ಹೆಣ್ಣುಮಕ್ಕಳು. ಕಪ್ಪು ಸೀರೆಯ ಮೇಲೆ ಕೆಂಪು ದಾರದಲ್ಲಿ ಅಂಬಾರಿ ಹೊತ್ತ ಆನೆಯನ್ನು ತೆಗೆದ ವಿಡಿಯೋ ಹಾಕಿ ಎರಡು ದಿನವಾಗಿರಲಿಲ್ಲ, ಮಹಾದೇವಿ ಎಂಬವರ ಮಾತು ಅದರ ಕೆಳಗೆ ಬಂತು. ಆ ಕಡೆ ನೂರಾರು ಜನಕ್ಕೆ ಕಸೂತಿ ಹೇಳಿಕೊಡುವವರು ಆಕೆ. "ಮುಂದ ಚಲೋ ಕಾಣತೈತಿ. ಹಿಂದ ನೋಡ್ರಿ, ಆನಿ ಹೊಟ್ಟಿ ಹತ್ರ ಗಂಟು ಐತಿ. ಇದು ಕಸೂತಿ ಅಲ್ಲ, ಮುಂಬೈ ಮಾಲು" ಎಂದು ಬರೆದಿದ್ದರು. ಅದಕ್ಕೆ ಅರವತ್ತು ಜನ ಹೆಬ್ಬೆರಳು ಎತ್ತಿದ್ದರು.

ಗೌಂಡಿ ಕೆಲಸದಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದ ಗಂಡ ಅಣವೀರಪ್ಪ ಸಮಾಧಾನ ಹೇಳಿದ. "ಬರೀಲಿ ಬಿಡು. ಊರ ಬಾಯಿ ಮುಚ್ಚಾಕ ಆಕ್ಕೈತೇನು?"

"ನೀವು ಕಟ್ಟಿದ ಗ್ವಾಡಿ ಸೊಟ್ಟ ಐತಿ ಅಂದ್ರ ಸುಮ್ಮನಿರ್ತೀರೇನ್ರಿ?"

"ಅದೂ ಖರೇ" ಎಂದು ಅಣವೀರಪ್ಪ ಟವೆಲಿಗೆ ಕೈ ಒರೆಸಿಕೊಂಡ. ಅಂಥ ಗಂಡಸು ಆತ, ಸೋತಲ್ಲಿ ಸೋತೆ ಎಂದು ಒಪ್ಪಿಕೊಳ್ಳುವವನು.

ದಾನೇಶ್ವರಿ ಸೀರೆ ತೆಗೆದು ಹಿಂಬದಿ ನೋಡಿದಳು. ಗಂಟಿಲ್ಲ. ಯೂಟ್ಯೂಬಿನ ವಿಡಿಯೋ ತೆರೆದು ನೋಡಿದಳು. ಆನೆಯ ಹೊಟ್ಟೆಯ ಹತ್ತಿರ ಕೆಂಪಗೆ ಒಂದು ಮುದ್ದೆ, ಥೇಟು ಗಂಟಿನಂತೆಯೇ! ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ, ಆದರೆ ಮುಂಬೈಯ ಅಂಗೈಯನ್ನು ಹುಬ್ಬಳ್ಳಿಗೆ ತೋರಿಸಲು ಕನ್ನಡಿ ಬೇಕೇ ಬೇಕು, ಆ ಕನ್ನಡಿಯೇ ಸುಳ್ಳು ಹೇಳಿತ್ತು. ಆಕೆಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಅದೇ ಚಾಳಿನ ಕೊನೆಯ ಮನೆಯಲ್ಲಿ ಉಡುಪಿ ಕಡೆಯವರ ಮಗಳು ಜ್ಯೋತ್ಸ್ನಾ ಇದ್ದಳು. ಮುಂಬೈಯಲ್ಲೇ ಹುಟ್ಟಿದವಳು, ಭಾಂಡುಪಿನ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವ ಕೆಲಸ. ದಾನೇಶ್ವರಿ ಸೀರೆ, ಫೋನು ಎರಡನ್ನೂ ಹಿಡಿದುಕೊಂಡು ಅಲ್ಲಿಗೆ ಹೋದಳು. ಜ್ಯೋತ್ಸ್ನಾ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಆಂಟಿ, ನೀವು ಶೂಟ್ ಮಾಡಿದ್ದು ಆರುನೂರು ಎಂಬಿ ಉಂಟು. ಯೂಟ್ಯೂಬಿಗೆ ಹಾಕಿದ್ದು ಬರೀ ಹದಿನೆಂಟು ಎಂಬಿ. ಇದು ಯಾವುದು ಮಾರಾಯ್ರೆ?"

"ಅದು ಅತ್ತಿ ತಿರುಗಿ ಕಳಿಸಿದ್ದು."

ಆಗ ವಿಷಯ ಹೊರಗೆ ಬಿತ್ತು. ಕಸ್ತೂರಿಬಾಯಿಯ ಮನೆಯಲ್ಲಿ ಒಂದು ಪದ್ಧತಿ. ಹೊಸದಾಗಿ ಹೊಲಿದದ್ದನ್ನು ಮೊದಲು ಹಿರಿಯರ ಕೈಗೆ ಕೊಡಬೇಕು. ಅವರು ನೋಡಿ, 'ಹೂಂ' ಎಂದು, ಕುಂಕುಮ ಹಚ್ಚಿ ತಿರುಗಿ ಕೊಟ್ಟ ಮೇಲೆಯೇ ಉಡಬೇಕು. ಹೀಗಾಗಿ ದಾನೇಶ್ವರಿ ಪ್ರತಿ ವಿಡಿಯೋವನ್ನೂ ಅತ್ತೆಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತಿದ್ದಳು. ಅತ್ತೆ ನೋಡಿ, ಅದನ್ನೇ ಹಿಂದಕ್ಕೆ ಕಳಿಸುತ್ತಿದ್ದಳು. ಅತ್ತೆಯ ಫೋನಿನಿಂದ ಬಂದದ್ದನ್ನೇ ಈಕೆ ಯೂಟ್ಯೂಬಿಗೆ ಏರಿಸುತ್ತಿದ್ದಳು.

"ಅಯ್ಯೋ! ಒರಿಜಿನಲ್ ನಿಮ್ಮ ಹತ್ರವೇ ಉಂಟಲ್ವಾ? ಅದನ್ನೇ ಹಾಕ್ಬಹುದಿತ್ತು."

"ಅತ್ತಿ ಕೈಯಿಂದ ಬಂದದ್ದನ್ನ ಬಿಟ್ಟು ನನ್ನ ಹತ್ರ ಇದ್ದದ್ದನ್ನ ಹೆಂಗ ಹಾಕ್ಲವಾ?"

ಜ್ಯೋತ್ಸ್ನಾಳಿಗೆ ನಗು ಬಂತು. ಆದರೆ ದಾನೇಶ್ವರಿಯ ಮುಖ ನೋಡಿ ನುಂಗಿಕೊಂಡಳು. "ಕಾಫಿ ಡಿಕಾಕ್ಷನ್ ಗೊತ್ತುಂಟಲ್ಲ ಆಂಟಿ? ಅದೇ ಪುಡಿಗೆ ಎರಡನೇ ಸಲ, ಮೂರನೇ ಸಲ ನೀರು ಹಾಕಿದ್ರೆ ಏನು ಬರ್ತದೆ? ಹಾಗೆ ಇದು. ಒಂದೊಂದು ಸಲ ಕಳಿಸುವಾಗ್ಲೂ ವಾಟ್ಸ್‌ಆ್ಯಪು ವಿಡಿಯೋವನ್ನು ಹಿಂಡಿ ಸಣ್ಣ ಮಾಡ್ತದೆ. ಅದ್ರಲ್ಲೂ ಕಪ್ಪು ಮೇಲೆ ಕೆಂಪು ಅಂದ್ರೆ ಬೇಗ ಕಲಸಿ ಹೋಗ್ತದೆ. ಗಂಟು ಹಾಕಿದ್ದು ನೀವಲ್ಲ, ಫೋನು."

ಆ ಭಾನುವಾರ ಬೆಳಿಗ್ಗೆ ಇಬ್ಬರೂ ಕೂತು ಹೊಸದಾಗಿ ಶುರುಮಾಡಿದರು. ಕಿಟಕಿಯ ಬಿಸಿಲಿಗೆ ತೆಳ್ಳನೆಯ ಬಿಳಿ ಪಂಚೆ ಅಡ್ಡ ಕಟ್ಟಿದರು. ಫೋನನ್ನು ಅಲುಗಾಡದಂತೆ ನಿಲ್ಲಿಸಿ, ಕ್ಯಾಮೆರಾವನ್ನು ಫೋರ್-ಕೆ ಎಂಬ ಎಲ್ಲಕ್ಕಿಂತ ದೊಡ್ಡ ಅಳತೆಗೆ ಇಟ್ಟರು. ದಾನೇಶ್ವರಿ ಆನೆಯ ಮುಂಬದಿ ತೋರಿಸಿ, ಎಲ್ಲೂ ನಿಲ್ಲಿಸದೆ ನಿಧಾನವಾಗಿ ಸೆರಗು ಮಗುಚಿ ಹಿಂಬದಿ ತೋರಿಸಿದಳು. ಎಡಿಟಿಂಗ್ ಆ್ಯಪಿನಲ್ಲಿ ಎಕ್ಸ್‌ಪೋರ್ಟ್ ಒತ್ತುವ ಮೊದಲು ಜ್ಯೋತ್ಸ್ನಾ ಒಂದೊಂದನ್ನೇ ತಿಳಿಸಿದಳು. ಆ್ಯಪು ತಾನಾಗಿ ಕಡಿಮೆ ಗುಣಮಟ್ಟವನ್ನೇ ಹಿಡಿದು ಕೂತಿರುತ್ತದೆ, ಅದನ್ನು ಬದಲಿಸಬೇಕು. ಯಾವ ಅಳತೆಯಲ್ಲಿ ಶೂಟ್ ಮಾಡಿದ್ದೋ ಅದೇ ಅಳತೆಯಲ್ಲಿ, ಸೆಕೆಂಡಿಗೆ ಅಷ್ಟೇ ಚಿತ್ರ ಇಟ್ಟು ತೆಗೆಯಬೇಕು, ಅದೂ ಒಂದೇ ಸಲ.

"ಈ ಬಿಟ್ ರೇಟ್ ಅಂದ್ರೇನವಾ?"

"ಒಂದು ಸೆಕೆಂಡಿಗೆ ಎಷ್ಟು ಮಾಹಿತಿ ತುಂಬಬೇಕು ಅಂತ."

"ಅಂದ್ರ ಒಂದು ಗೇಣು ಬಟ್ಟಿಗೆ ಎಷ್ಟು ಎಳಿ ಅಂದಂಗ. ಕಡಿಮಿ ಹಾಕಿದ್ರ ಜಾಳು ಜಾಳು. ಜಾಸ್ತಿ ಹಾಕು."

ಇಷ್ಟು ಚೆನ್ನಾಗಿ ತನ್ನ ಬಾಸಿಗೂ ಅರ್ಥವಾಗಿಲ್ಲ ಎಂದಳು ಜ್ಯೋತ್ಸ್ನಾ.

ಇನ್ನು ಅತ್ತೆಯ ಪದ್ಧತಿ. ಅದನ್ನು ಬಿಡಲು ದಾನೇಶ್ವರಿ ತಯಾರಿರಲಿಲ್ಲ. ಜ್ಯೋತ್ಸ್ನಾಳೇ ದಾರಿ ಹುಡುಕಿದಳು: ಮೊದಲು ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ ಏರಿಸುವುದು, ಅತ್ತೆಗೆ ಲಿಂಕ್ ಕಳಿಸುವುದು, ಅವರು ಹೂಂ ಅಂದ ಮೇಲೆ ಎಲ್ಲರಿಗೂ ತೆರೆಯುವುದು. ಅವಳ ಮನೆಯ ವೈಫೈಯಲ್ಲಿ ವಿಡಿಯೋ ಏರಲು ಮುಕ್ಕಾಲು ಗಂಟೆ ಹಿಡಿಯಿತು. ಏರಿದ ಕೂಡಲೇ ಅಣವೀರಪ್ಪ, "ಆತಲ್ಲ, ಕಳಿಸು ಊರಿಗೆ" ಎಂದು ಅವಸರ ಮಾಡಿದ. ದಾನೇಶ್ವರಿ ತೆರೆದು ನೋಡಿದರೆ ಮತ್ತೆ ಅದೇ ಮಸುಕು! ಫೋನನ್ನು ಜ್ಯೋತ್ಸ್ನಾಳ ಮುಂದೆ ಹಿಡಿದಳು. ಮೊದಲು ಕಾಣುವುದು ಸಣ್ಣ ಅಳತೆಯದು, ದೊಡ್ಡದು ತಯಾರಾಗಲು ಹೊತ್ತು ಬೇಕು ಎಂದು ಜ್ಯೋತ್ಸ್ನಾ ಹೇಳಿದ ಮೇಲೆ ಉಸಿರು ಬಂತು. ಊಟವಾಯಿತು, ಪಾತ್ರೆ ತೊಳೆದದ್ದಾಯಿತು. ಸಂಜೆ ನಾಲ್ಕಕ್ಕೆ ಫೋರ್-ಕೆ ಎಂಬುದು ಪಟ್ಟಿಯಲ್ಲಿ ಮೂಡಿತು. ದಾನೇಶ್ವರಿ ಡಬ್ಬಿ ಬಿಚ್ಚಿ ನೋಡುವವಳಂತೆ ಮೊದಲಿನಿಂದ ಕೊನೆಯವರೆಗೆ ನೋಡಿದಳು, ಆಮೇಲೆಯೇ ಲಿಂಕ್ ಕಳಿಸಿದಳು.

ಊರಿನಲ್ಲಿ ಭಾವ ಶರಣ ಅದನ್ನು ಮನೆಯ ಟಿವಿಗೆ ಹಾಕಿದ. ಅರ್ಧ ಗಂಟೆಯಲ್ಲಿ ಕಸ್ತೂರಿಬಾಯಿಯ ಫೋನ್ ಬಂತು.

"ದಾನವ್ವಾ, ಗಂಟಿಲ್ಲ. ಆದ್ರ ಆನಿ ಹಿಂಗಾಲಿನಾಗ ಒಂದು ಎಳಿ ಹೆಚ್ಚಿಗಿ ತಗೊಂಡಿ. ಟಿವಿ ಮುಂದ ನಿಂತು ಬೆರಳಿಟ್ಟು ಎಣಿಸೀನಿ."

ದಾನೇಶ್ವರಿ ಸೀರೆಯನ್ನು ಬೆಳಕಿಗೆ ಹಿಡಿದು ಎಣಿಸಿದಳು. ನಾಲ್ಕಿರಬೇಕಾದಲ್ಲಿ ಐದು. ಹತ್ತೊಂಬತ್ತು ವರ್ಷದ ಚೆಕರ್ ಕಾಣದೆ ಬಿಟ್ಟದ್ದನ್ನು ಆರುನೂರು ಕಿಲೋಮೀಟರಿನಾಚೆ ಕೂತ ಮುದುಕಿ ಹಿಡಿದಿದ್ದಳು.

"ಅತ್ತೀ, ಹೋದಸಲ ಇದಕ್ಕ ಹೂಂ ಅಂದಿದ್ರೆಲ್ರಿ?"

"ಅದ್ರಾಗ ಏನು ಕಾಣತಿತ್ತವಾ? ಎಲ್ಲಾ ಮಂಜು ಮಂಜು. ನಿನ್ನ ಕೈ ಐತಿ ಅಂತ ಹೂಂ ಅಂತಿದ್ದೆ."

ಗಂಟು ಹಾಕಿದ್ದಕ್ಕೆ ಇಡೀ ಸೆರಗು ಬಿಚ್ಚಿಸಿದ್ದ ಅತ್ತೆ, ಎರಡು ವರ್ಷದಿಂದ ಏನೂ ಕಾಣದೆ, ಸೊಸೆಯ ಕೈಯ ಮೇಲಿನ ನಂಬಿಕೆಯೊಂದರಿಂದಲೇ ಒಪ್ಪುತ್ತ ಬಂದಿದ್ದಳು. ಮಹಾದೇವಿಯ ಮಾತಿನಿಂದ ಆದ ನೋವು ಅಲ್ಲಿಗೆ ಅರ್ಧ ಇಳಿಯಿತು.

ಆ ವಿಡಿಯೋವನ್ನು ದಾನೇಶ್ವರಿ ಎಲ್ಲರಿಗೂ ತೆರೆಯಲಿಲ್ಲ. ಜ್ಯೋತ್ಸ್ನಾ, "ಒಂದು ಎಳೆ ಯಾರು ನೋಡ್ತಾರೆ ಆಂಟಿ?" ಎಂದಳು. ಆ ಪ್ರಶ್ನೆಗೆ ಉತ್ತರ ಕೊಟ್ಟೂ ಕೊಟ್ಟೂ ದಾನೇಶ್ವರಿಗೆ ಸಾಕಾಗಿತ್ತು. ಮುಂದಿನ ಭಾನುವಾರ ಮತ್ತೆ ಕಿಟಕಿಗೆ ಪಂಚೆ ಕಟ್ಟಿ, ಕ್ಯಾಮೆರಾದ ಎದುರಿಗೇ ತಪ್ಪನ್ನು ತೋರಿಸಿ, ಹಿಂಗಾಲನ್ನು ಬಿಚ್ಚತೊಡಗಿದಳು. ಹೊಲಿಗೆಯ ಹಿಂದೆ ಹೊಲಿಗೆ ಬಿಚ್ಚುತ್ತ ಹೊಟ್ಟೆಯವರೆಗೂ ಹೋದಳು. ಗಂಟಿದ್ದಿದ್ದರೆ ದಾರ ಅಲ್ಲಿ ಸಿಕ್ಕಿಬೀಳಬೇಕಿತ್ತು. ಎಲ್ಲೂ ತಡೆಯಲಿಲ್ಲ, ಮೊಳದುದ್ದದ ಕೆಂಪು ದಾರ ತುದಿಯವರೆಗೂ ನುಣ್ಣಗೆ ಜಾರಿ ಬಂತು. ಅದನ್ನು ಬಿಳಿ ಬಟ್ಟೆಯ ಮೇಲೆ ಚಾಚಿ ಇಟ್ಟಳು. ಆಮೇಲೆ ಎಣಿಸಿ ಎಣಿಸಿ ಮತ್ತೆ ಹೊಲಿದಳು. ನೋಡುವವರು ಕೂಡ ಎಳೆ ಎಣಿಸಬಹುದಿತ್ತು, ಅಷ್ಟು ಸ್ಪಷ್ಟವಾಗಿತ್ತು. ಕಸ್ತೂರಿಬಾಯಿ ಒಪ್ಪಿದ ಮೇಲೆ ಅದು ಎಲ್ಲರಿಗೂ ತೆರೆಯಿತು.

ಗುರುವಾರ ಸಂಜೆ ಅಣವೀರಪ್ಪ ಊಟಕ್ಕೆ ಕೂತಿದ್ದಾಗ ಫೋನ್ ಸದ್ದು ಮಾಡಿತು. ದಾನೇಶ್ವರಿ ರೊಟ್ಟಿ ಬಡಿಸುವುದನ್ನು ನಿಲ್ಲಿಸಿ ನೋಡಿದಳು.

"ಯಾರು?"

"ಮಹಾದೇವಿಯವರು." ಆಕೆ ಗಟ್ಟಿಯಾಗಿ ಓದಿದಳು. "'ಮೂರು ಸಲ ನೋಡಿದೆ. ಎಳಿ ಎಣಿಸಿದೆ. ಗಂಟಿಲ್ಲ. ತಪ್ಪು ನನ್ನದು. ಬಿಚ್ಚಿ ತೋರಿಸೋ ಎದಿಗಾರಿಕಿ ನನಗ ಇದ್ದಿದ್ದಿಲ್ಲ. ಇದನ್ನ ನನ್ನ ಹುಡುಗ್ಯಾರಿಗೆ ಪಾಠಕ್ಕ ತೋರಸ್ತೀನಿ.'"

ಅಣವೀರಪ್ಪ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತ.

"ಇನ್ನೊಮ್ಮೆ ಓದು," ಎಂದ.