ನಾಲ್ಕು ಬೆರಳೆತ್ತರದ ಗಾಡಿ

ಮುಂಡರಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಪುಂಡಲೀಕಪ್ಪನ ವೆಲ್ಡಿಂಗ್ ಅಂಗಡಿ. ಮೂವತ್ತು ವರ್ಷದಿಂದ ಅವನು ಮಾಡುತ್ತ ಬಂದದ್ದು ಕೂರಿಗೆ, ಕುಂಟೆ, ಗೇಟು. ರೈತರು ಅಳತೆ ಹೇಳುತ್ತಿದ್ದರು, ಅವನು ಮಾಡಿಕೊಡುತ್ತಿದ್ದ. ಹೊಲಕ್ಕೆ ಹೋಗಿ ನೋಡುವ ಅಭ್ಯಾಸ ಇರಲಿಲ್ಲ. ಅಳತೆ ಸರಿಯಿದ್ದರೆ ಉಳಿದದ್ದೆಲ್ಲ ಸರಿಯಿರುತ್ತದೆ ಎಂದು ನಂಬಿದ್ದ.

ಹೋದ ಶ್ರಾವಣದಲ್ಲಿ ಸುನಿತಾ ಎಂಬುವಳು ಆಟೋದಲ್ಲಿ ಒಂದು ಗಾಲಿಕುರ್ಚಿ ಹಾಕಿಸಿಕೊಂಡು ಅಂಗಡಿಗೆ ಬಂದಳು. ಗದಗದಿಂದ ಹಳ್ಳಿ ಹಳ್ಳಿ ತಿರುಗಿ ಅಂಗವಿಕಲ ಮಕ್ಕಳಿಗೆ ವ್ಯಾಯಾಮ ಮಾಡಿಸುವುದು ಅವಳ ಕೆಲಸ.

"ಡೋಣಿ ಊರಾಗ ಮೂರು ವರ್ಷದ ಹುಡುಗಿ ಅದಾಳ್ರಿ. ಶಿಬಿರದಾಗ ಇದನ್ನ ಕೊಟ್ಟಾರ. ದೊಡ್ಡವರ ಖುರ್ಚಿ. ಕೂಡಿಸಿದ್ರ ಅರಿವಿ ಗಂಟಿನಂಗ ಒಂದ ಕಡೆ ವಾಲತಾಳ. ಸಣ್ಣದು ಮಾಡಾಕ ಆಗತೈತೇನ್ರಿ?"

"ಅಳತಿ ಕೊಡ್ರಿ, ಮಾಡ್ತೀನಿ."

"ಮೊದಲ ಕೂಸಿನ್ನ ಒಮ್ಮಿ ನೋಡಿದ್ರ ಚೊಲೋ."

"ಅಳತಿ ಸಾಕ್ರಿ," ಎಂದ ಪುಂಡಲೀಕಪ್ಪ.

ಎಂಟು ದಿನದಲ್ಲಿ ಹೊಸದೇ ಒಂದು ಪುಟ್ಟ ಕುರ್ಚಿ ಸಿದ್ಧವಾಯಿತು. ಹಸಿರು ಬಣ್ಣ, ಬೆನ್ನಿಗೆ ಮೆತ್ತೆ, ಎದೆಗೆ ಪಟ್ಟಿ. ತಾನೇ ಡೋಣಿಗೆ ಒಯ್ದು ಕೊಟ್ಟ. ಹುಡುಗಿಗೆ ಮುತ್ತಜ್ಜಿಯ ಹೆಸರಿಟ್ಟಿದ್ದರು, ಶೇಖವ್ವ, ಮನೆಯಲ್ಲಿ ಶೇಖಿ. ಹುಟ್ಟುವಾಗ ಉಸಿರು ತಡವಾಗಿ, ಮೈ ಅವಳ ಸ್ವಾಧೀನಕ್ಕೆ ಬಂದಿರಲಿಲ್ಲ. ಕಾಲು ಬಿಗಿ, ಬಲಗೈಯ ಮುಷ್ಟಿ ಬಿಚ್ಚುತ್ತಿರಲಿಲ್ಲ. ಮಾತಿಲ್ಲದಿದ್ದರೂ ಹೇಳಿದ್ದೆಲ್ಲ ತಿಳಿಯುತ್ತಿತ್ತು. ಕುರ್ಚಿಯಲ್ಲಿ ಅವಳು ನೆಟ್ಟಗೆ ಕೂತದ್ದನ್ನು ಕಂಡು ಓಣಿಯವರೆಲ್ಲ ಹೊಗಳಿದರು. ಅವನು ಹಿಗ್ಗಿ ಊರಿಗೆ ಮರಳಿದ.

ತಿಂಗಳ ಮೇಲೆ ಯಾರದೋ ಕೂರಿಗೆ ಕೊಡಲು ಆ ಕಡೆ ಹೋದವನು ಶೇಖಿಯ ಮನೆಗೂ ಹೊಕ್ಕ. ಕುರ್ಚಿ ಮೂಲೆಯಲ್ಲಿತ್ತು, ಅದರ ಮೇಲೆ ಮಡಚಿಟ್ಟ ಕೌದಿ. ಹುಡುಗಿ ಚಾಪೆಯ ಮೇಲೆ ಮಲಗಿದ್ದಳು. ಅವಳ ತಾಯಿ ಮಂಜುಳಾ ಮುಖ ಸಣ್ಣದು ಮಾಡಿಕೊಂಡಳು.

"ಖುರ್ಚಿ ಚೊಲೋ ಐತ್ರಿ. ಆದ್ರ ಕೂಡಿಸಿದ್ರ ಕೂಡಿಸಿದಲ್ಲೇ ಇರ್ತಾಳ. ನಾ ದೂಕಿದ್ರ ಅಷ್ಟ ಹೋಗತೈತಿ. ಹುಡುಗ್ರೆಲ್ಲ ನೆಲದಾಗ ಆಡತಾವ, ಇಕಿ ಮ್ಯಾಲಿಂದ ನೋಡಕೋಂತ ಅಳತಾಳ."

ಪುಂಡಲೀಕಪ್ಪನಿಗೆ ಸಿಟ್ಟು ಬಂತು. ಆದರೂ ಚಹಾ ಬರುವವರೆಗೆಂದು ಚಾಪೆಯ ಪಕ್ಕ ನೆಲಕ್ಕೆ ಕುಳಿತ. ಅಲ್ಲಿಂದ ಮನೆ ಬೇರೆಯೇ ಕಂಡಿತು. ಎಲ್ಲರ ಕಾಲುಗಳು, ಹೊಸ್ತಿಲು, ಅದರಾಚೆ ಅಂಗಳದಲ್ಲಿ ಆಡುವ ಮಕ್ಕಳ ಮುಖ. ಶೇಖಿ ಆ ಮಕ್ಕಳ ಕಡೆ ಕಣ್ಣಿಟ್ಟು ಎಡಗೈಯಿಂದ ಚಾಪೆಯನ್ನು ಒತ್ತುತ್ತಿದ್ದಳು. ಮೈ ಒಂದಿಷ್ಟೂ ಸರಿಯದು, ಕೈ ಮಾತ್ರ ಬಿಡದು. ತಾನು ಇವಳ ಅಳತೆ ಹಿಡಿದು ಮಾಡಿದ್ದು ತಾಯಿಗಾಗಿ, ಇವಳಿಗಲ್ಲ ಎಂದು ಅವನಿಗೆ ಆಗ ಹೊಳೆಯಿತು.

ಸಂಜೆ ಸುನಿತಾಳಿಗೆ ಫೋನು ಮಾಡಿದ. ಅವಳೆಂದಳು, "ಈ ವಯಸ್ಸಿನ ಕೂಸು ಹೋಗಿ ಹೋಗಿನ ಕಲಿಯೂದ್ರಿ. ಎಲ್ಲಿಗೂ ಹೋಗದ ಕೂಸಿಗೆ, ಹೋಗಬೇಕು ಅನ್ನೂ ಆಸೆನೂ ಸಾಯಕೋಂತ ಬರತೈತಿ."

ಮತ್ತೆ ಕೆಲಸ ಶುರುವಾಯಿತು. ನೆಲದಿಂದ ನಾಲ್ಕೇ ಬೆರಳು ಎತ್ತರದ ಹಲಗೆ, ಎದೆಯ ಕೆಳಗೆ ಇಳಿಜಾರು ಮೆತ್ತೆ. ಬೋರಲು ಮಲಗಿ ಕೈಯಿಂದ ನೆಲ ತಳ್ಳಬೇಕು. ಮೊದಲು ಹಾಕಿದ ಬೇರಿಂಗ್ ಗಾಲಿಗಳು ಶೇಖಿಯ ಮನೆಯ ನೆಲದ ಪರಸಿ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡವು. ಹಳೆಯ ಟೈರು ಕೊಯ್ದು ಅಗಲ ಗಾಲಿ ಮಾಡಿದ. ಆ ಗಾಡಿ ಮೂತಿ ಮುಂದಾಗಿ ಮಗುಚಿ ಶೇಖಿಯ ತುಟಿ ಒಡೆಯಿತು. ರಕ್ತ ನೋಡಿದವನು ಹಲಗೆಯನ್ನು ಹೊತ್ತು ಅಂಗಡಿಗೆ ತಂದು, ತಗಡಿನ ಹಿಂದೆ ಸರಿಸಿಬಿಟ್ಟ. ಹದಿನೈದು ದಿನ ಅತ್ತ ಹಾಯಲಿಲ್ಲ.

ಮಂಜುಳಾಳೇ ಮಗಳನ್ನು ಸೊಂಟದ ಮೇಲೆ ಹೊತ್ತು ಬಸ್ಸು ಹತ್ತಿ ಬಂದಳು.

"ತುಟಿ ಒಡೀತು ಅಂತ ಬಿಟ್ಟ ಕುಂತ್ರ ಹೆಂಗ್ರಿ? ನಡಿಯೂ ಕೂಸುಗಳೂ ಬೀಳತಾವ. ನಮ್ಮಕಿ ಮೂರು ವರ್ಷಕ್ಕ ಮೊದಲನೇ ಸಲ ಬಿದ್ದಾಳ."

ಅವನು ತಗಡಿನ ಹಿಂದಿನಿಂದ ಹಲಗೆಯನ್ನು ಹೊರಗೆಳೆದ. ಶೇಖಿಯನ್ನು ಅದರ ಮೇಲೆ ಮಲಗಿಸಿ, ಗಾಲಿಗಳನ್ನು ಅಗಲಕ್ಕೆ ಸರಿಸಿ, ಮೂತಿಯನ್ನು ಎರಡು ಬೆರಳು ಎತ್ತಿದ. ಈ ಸಲ ಮಗುಚಲಿಲ್ಲ. ಆದರೆ ಎಡಗೈ ಮಾತ್ರ ತಳ್ಳುತ್ತಿದ್ದುದರಿಂದ ಗಾಡಿ ಬಲಕ್ಕೆ ತಿರುಗಿ, ನಿಂತಲ್ಲೇ ಸುತ್ತು ಹೊಡೆಯಿತು. ಅವನು ತಲೆ ಕೆಳಗೆ ಹಾಕಿದ. ಶೇಖಿ ಮಾತ್ರ ನಕ್ಕಳು, ಮತ್ತೆ ತಳ್ಳಿದಳು, ಮತ್ತೆ ಸುತ್ತಿದಳು.

ಆ ಸುತ್ತು ನೋಡುತ್ತ ಅವನಿಗೆ ತನ್ನ ಕಸಬೇ ನೆನಪಾಯಿತು. ಒಂದೆತ್ತು ಬಲವಾಗಿ ಇನ್ನೊಂದು ಬಡವಾಗಿದ್ದರೆ ಕೂರಿಗೆ ಸಾಲು ಬಿಟ್ಟು ಎಳೆಯುತ್ತದೆ. ಆಗ ಯಾರೂ ಎತ್ತನ್ನು ಬಯ್ಯುವುದಿಲ್ಲ, ನೊಗದ ಕಟ್ಟನ್ನು ತುಸು ಸರಿಸುತ್ತಾರೆ. ಅವನು ಮುಂದಿನ ಗಾಲಿಗಳನ್ನು ಒಂದಿಷ್ಟು ಎಡಕ್ಕೆ ಓರೆ ಮಾಡಿ ಬಿಗಿದ. ಶೇಖಿ ತಳ್ಳಿದಳು. ಗಾಡಿ ಕೊಂಚ ಸೊಟ್ಟಗಾದರೂ ಮುಂದೆ ಹೋಯಿತು. ಅಂಗಡಿಯ ಬಾಗಿಲವರೆಗೆ ಹೋಗುವುದಕ್ಕೆ ಅರ್ಧ ತಾಸು ಹಿಡಿಯಿತು. ಮೂವರಿಗೂ ಅವಸರವಿರಲಿಲ್ಲ.

ಮಂಜುಳಾಳ ಗಂಡ ಹೊನ್ನೇಶ ಹೊಸ್ತಿಲ ಮುಂದೆ ಮಣ್ಣು ಹಾಕಿ ಇಳಿಜಾರು ಮಾಡಿದ. ದೀಪಾವಳಿ ಕಳೆದು ಒಂದು ಮುಂಜಾನೆ ಮಂಜುಳಾಳ ಫೋನು ಬಂತು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಎಮ್ಮಿ ಹಿಂಡಿ ಬರೂದ್ರೊಳಗ ಮನ್ಯಾಗಿಲ್ರಿ ಇಕಿ. ಎದಿ ಒಡದಂಗಾತು. ನೋಡಿದ್ರ ಬಾಜೂ ಮನಿ ದನದ ನೀರಿನ ಬಾನಿ ಹತ್ರ ಗಾಡಿ ಮ್ಯಾಲಿಂದನ ರಾಡಿ ಕಲಸಾಕ ಹತ್ಯಾಳ, ಬಾಯಿ ತುಂಬ ರಾಡಿ. ಎರಡ ಮಾತ ಬೈದೆ. ಹುಟ್ಟಿದಾಗಿಂದ ಒಮ್ಮಿನೂ ಬೈದಿದ್ದಿಲ್ರಿ ನಾ."

"ಅತ್ಲೇನು?"

"ಇಲ್ಲ. ತಿರುಗಿ ಅಲ್ಲೇ ಹೊಂಟಿದ್ಲು."



ಅದಾದ ಮೇಲೆ ಸುನಿತಾಳ ಜೊತೆ ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಗೂ ಹೋಗಿ ಒಂಬತ್ತು ಮಕ್ಕಳಿಗೆ ಗಾಡಿ ಮಾಡಿದ್ದಾನೆ. ಒಂದರಂತೆ ಒಂದಿಲ್ಲ. ಎರಡು ಮನೆಗಳಲ್ಲಿ ಅವು ಮೂಲೆ ಸೇರಿವೆ, ಅದನ್ನೂ ಅವನು ಮುಚ್ಚಿಡುವುದಿಲ್ಲ. ಈಗ ಅವನನ್ನು ಕಾಡುತ್ತಿರುವುದು ಯಳವತ್ತಿಯ ಎರಡೂವರೆ ವರ್ಷದ ಮುರ್ತುಜಾ. ಅವನಿಗೆ ಎರಡೂ ಕೈ ಏಳುವುದಿಲ್ಲ, ಕುತ್ತಿಗೆ ಮಾತ್ರ ಚೆನ್ನಾಗಿ ಹೊರಳುತ್ತದೆ. ಮೊನ್ನೆ ಮೂರನೇ ಸಲ ಹೋಗಿ ಮಧ್ಯಾಹ್ನವೆಲ್ಲ ಆ ಕುತ್ತಿಗೆಯನ್ನೇ ನೋಡುತ್ತ ಕುಳಿತಿದ್ದ.

"ಆಗತೈತೇನ್ರಿ?" ಎಂದು ಹುಡುಗನ ಅಜ್ಜ ಇಸ್ಮಾಯಿಲಸಾಬ ಕೇಳಿದ.

"ಖರೆ ಹೇಳಬೇಕಂದ್ರ ಇನ್ನೂ ಗೊತ್ತಾಗಿಲ್ಲ ಸಾಬ್ರ. ಸೋಮವಾರ ಮತ್ತ ಬರ್ತೀನಿ," ಎಂದ ಪುಂಡಲೀಕಪ್ಪ.